ಮೆಣಸಿನಕಾಯಿಯ ಮೇಲಿನ ಮಣ್ಣು

ಕೌಲ್ ಬಜಾರಿನ ಚಾಂದಸಾಬ್ ಯಾರನ್ನೂ ಸುಮ್ಮನೆ ನಂಬುವ ಆಸಾಮಿಯಲ್ಲ. ಒಣ ಮೆಣಸಿನಕಾಯಿ ವ್ಯಾಪಾರದಲ್ಲೇ ತಲೆ ನರೆತವನು. ಚೀಲದ ಬಾಯಲ್ಲಿರುವ ಕಾಯಿ ಬೇರೆ, ಚೀಲದ ಹೊಟ್ಟೆಯಲ್ಲಿರುವ ಕಾಯಿ ಬೇರೆ ಎಂಬುದನ್ನು ಮೀಸೆ ಮೂಡುವ ಮೊದಲೇ ಕಲಿತವನು. ಹಾಲು ಹಾಕುವ ಅಂಬಮ್ಮನ ತಂಬಿಗೆಗೂ ಬೆರಳದ್ದಿ ನೋಡುತ್ತಿದ್ದ. ಆಕೆಯೋ, ‘ಅದ್ದರಿ ಅದ್ದರಿ, ಬೆರಳಿಗೆ ಅಂಟಿದ ಹಾಲಿಗೂ ಲೆಕ್ಕ ಹಾಕತೀನಿ’ ಎಂದು ಬೀದಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು. ಇಂಥ ಮನುಷ್ಯ ಕಣ್ಣು ಮುಚ್ಚಿಕೊಂಡು ಸರಕು ತುಂಬಿಸಿಕೊಳ್ಳುತ್ತಿದ್ದದ್ದು ಒಬ್ಬನೇ ಒಬ್ಬ ರೈತನ ಹೊಲದಲ್ಲಿ, ಕುರುಗೋಡಿನ ಎರ್ರಣ್ಣನ ಹೊಲದಲ್ಲಿ. ಆ ನಂಬಿಕೆಯೂ ಒಂದು ದಿನ ಸ್ಟೀಲ್ ಬೋಗುಣಿಯ ನೀರಿನಲ್ಲಿ ಕರಗಿಹೋಯಿತು ನೋಡಿ.

ಅದು ಅದಿರಿನ ಕಾಲ. ಬಳ್ಳಾರಿಯ ಮಣ್ಣಿಗೆ ಬಂಗಾರದ ಬೆಲೆ ಬಂದು, ಊರಿಗೆ ಊರೇ ಹುಚ್ಚೆದ್ದು ಲಾರಿ ಕೊಳ್ಳುತ್ತಿದ್ದ ವರ್ಷಗಳು. ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಕಪ್ಪು ಕಾರಿನ ಗಾಜು ಇಳಿಸಿ ‘ಏನ್ ಸಾಬ್ರೇ, ಆರಾಮಾ?’ ಅನ್ನುತ್ತಿದ್ದ. ಇಂಥವರನ್ನು ಕಂಡರೆ ಚಾಂದಸಾಬನಿಗೆ ಮೈಯೆಲ್ಲ ಉರಿ. ತಾನು ಮಾತ್ರ ಕಾಯಿ ಬಿಟ್ಟು ಕದಲಲಿಲ್ಲ. ಎಷ್ಟೋ ವರ್ಷ ಒದ್ದಾಡಿ ಚೆನ್ನೈನ ಒಂದು ರಫ್ತು ಕಂಪನಿಯನ್ನು ಹಿಡಿದಿದ್ದ. ಬಳ್ಳಾರಿ ಸೀಮೆಯ ಕಾಯಿ ಯುರೋಪಿಗೆ ಹೋಗುತ್ತದೆ ಎಂದು ಚಹಾದಂಗಡಿಯಲ್ಲಿ ಹೇಳಿಕೊಂಡು ಹಿಗ್ಗುತ್ತಿದ್ದ.

ಆ ಸಲ ಹೋದ ಲಾರಿ ಹೋದ ಹಾಗೆಯೇ ವಾಪಸ್ ಬಂತು. ಚೆನ್ನೈನ ಮ್ಯಾನೇಜರ್ ಫೋನಿನಲ್ಲಿ ಅರೆಬರೆ ತೆಲುಗಿನಲ್ಲಿ ಬೈದ. ಹಿಂದೆ ಯಾರೋ ಪುಣ್ಯಾತ್ಮರ ಖಾರದಪುಡಿಯಲ್ಲಿ ಬಣ್ಣ ಸಿಕ್ಕಿತೆಂದು ಹೊರದೇಶದವರು ರಂಪ ಮಾಡಿದ ಮೇಲೆ ಪ್ರತಿ ಸರಕಿಗೂ ಲ್ಯಾಬಿನ ಪರೀಕ್ಷೆ ಬಂದಿತ್ತು. ಈ ಸರಕಿನಲ್ಲಿ ಕಬ್ಬಿಣದ ಮಣ್ಣು ಸಿಕ್ಕಿದೆಯಂತೆ. ಬೆರೆಸಿದವರ ಹೆಸರು ಹೇಳಿದರೆ ಅವರೊಬ್ಬರನ್ನು ಬಿಟ್ಟು ವ್ಯಾಪಾರ ಮುಂದುವರಿಸುತ್ತೇವೆ, ಇಲ್ಲವಾದರೆ ಬಳ್ಳಾರಿ ಕಾಯಿಗೇ ಒಂದು ನಮಸ್ಕಾರ, ಗುಂಟೂರಿನವರು ಬಾಗಿಲಲ್ಲೇ ನಿಂತಿದ್ದಾರೆ ಎಂದು ಹೇಳಿ ಫೋನ್ ಇಟ್ಟ.

ಚಾಂದಸಾಬನಿಗೆ ಮೊದಲು ಬಂದ ಅನುಮಾನ ಆ ಮ್ಯಾನೇಜರನ ಮೇಲೆಯೇ. ರೇಟು ಇಳಿಸಲು ಆಡುವ ನಾಟಕ! ಎರಡನೆಯದು ಹೊರದೇಶದವರ ಮೇಲೆ. ತಮ್ಮಲ್ಲಿ ಸರಕು ಹೆಚ್ಚಾಗಿರಬೇಕು, ಬೇಡ ಅನ್ನಲು ಒಂದು ನೆಪ ಬೇಕಿತ್ತು. ಮೂರನೆಯದು ಲಾರಿಯವನ ಮೇಲೆ. ಆದರೂ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಗೋದಾಮಿನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಹೆಂಡತಿ ಲಾಲಬೀಯನ್ನು ಕೂಗಿ ಎರಡು ಬೋಗುಣಿ ನೀರು ತರಿಸಿದ. ಸರಕು ಬಂದದ್ದು ಎರಡು ಕಡೆಯಿಂದ: ಸಿರುಗುಪ್ಪದ ಆಚೆ, ರಾರಾವಿಯ ಮಾರೆಣ್ಣನ ಹೊಲದ್ದು ಹಸಿರು ದಾರದಲ್ಲಿ ಹೊಲಿದ ಚೀಲ, ಕುರುಗೋಡಿನ ಎರ್ರಣ್ಣನದು ಕೆಂಪು ದಾರದ್ದು. ಮಾರೆಣ್ಣ ಹೊಸಬ, ನಗುವುದು ಜಾಸ್ತಿ, ಇವನೇ ಇರಬೇಕು ಎಂದು ಚಾಂದಸಾಬನ ಮನಸ್ಸು ಆಗಲೇ ತೀರ್ಪು ಕೊಟ್ಟಿತ್ತು.

ಹಸಿರು ದಾರದ ಚೀಲದ ಕಾಯಿ ನೀರಿಗೆ ಅದ್ದಿ ತೆಗೆದ. ನೀರು ಸ್ವಲ್ಪ ರಂಗಾಯಿತು, ತಳದಲ್ಲಿ ಏನೂ ಇಲ್ಲ. ಕೆಂಪು ದಾರದ್ದನ್ನು ಅದ್ದಿದ. ಬೋಗುಣಿಯ ತಳದಲ್ಲಿ ಮಣ್ಣು ಕೂತಿತು. ಬೆರಳಲ್ಲಿ ತಿಕ್ಕಿದರೆ ಚರಚರ.

‘ಯಾ ಅಲ್ಲಾ!’ ಎಂದ ಚಾಂದಸಾಬ್. ‘ಎರ್ರಣ್ಣಂದ ಐತಲೇ ಇದು!’

ಲಾಲಬೀ ಬಗ್ಗಿ ನೋಡಿದಳು. ‘ಸುಮ್ನಿರ್ರಿ, ಎರ್ರಣ್ಣ ಅಂಥೋನಲ್ಲ. ಇನ್ನೊಂದು ಚೀಲ ಬಿಚ್ಚಿ ನೋಡ್ರಿ.’

ಇನ್ನೊಂದು ಚೀಲದಲ್ಲೂ ಅದೇ. ಮತ್ತೊಂದರಲ್ಲೂ ಅದೇ. ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಹಾಲಿಗೆ ಬೆರಳದ್ದುವ ತಾನು ಇಷ್ಟು ವರ್ಷ ಇವನ ಚೀಲಕ್ಕೆ ಕೈ ಹಾಕದೆ ಹೋದೆನಲ್ಲ, ಎಂಥ ಕೋಣ ನಾನು ಎಂದು ತನ್ನನ್ನೇ ಬೈದುಕೊಂಡ. ಎಷ್ಟು ವರ್ಷದಿಂದ ಬೆರೆಸುತ್ತಿದ್ದನೋ ಯಾರಿಗೆ ಗೊತ್ತು!

ಮಾರನೆಯ ಬೆಳಿಗ್ಗೆ ಕುರುಗೋಡಿನ ಬಸ್ಸು ಹತ್ತಿದ. ದೊಡ್ಡ ರಸ್ತೆಗಳು ಕಿತ್ತು ಹೋಗಿ, ಅದಿರಿನ ಲಾರಿಗಳೆಲ್ಲ ಆಗ ಒಳದಾರಿ ಹಿಡಿದಿದ್ದವು. ಬೇಲಿ, ಜಾಲಿಮರ, ಗುಡ್ಡದ ಬಂಡೆ ಎಲ್ಲವೂ ಕೆಂಪು. ಬಸ್ಸಿನ ಕಿಟಕಿ ಪಕ್ಕ ಕೂತಿದ್ದ ಚಾಂದಸಾಬ್ ಆ ಧೂಳನ್ನು ಟವೆಲಿನಿಂದ ಒರೆಸಿಕೊಂಡನೇ ಹೊರತು ಅದರ ಬಗ್ಗೆ ಯೋಚಿಸಲಿಲ್ಲ. ಅವನ ತಲೆಯಲ್ಲಿ ಎರ್ರಣ್ಣನ ಮೋಸದ್ದೇ ಗಿರಣಿ ನಡೆದಿತ್ತು.

ಹೋದವನಿಗೆ ಮೊದಲು ಕಂಡದ್ದು ಎರ್ರಣ್ಣನ ಮನೆಯ ಮುಂದೆ ನಿಂತ ಹೊಸ ಬೈಕು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬೈಕು ಎರ್ರಣ್ಣನ ಭಾವಮೈದುನ ಕೆಂಚಣ್ಣನದು, ಅವನು ಅದಿರಿನ ಲಾರಿ ಓಡಿಸುತ್ತಾನೆ ಎಂದು ತಿಳಿದಾಗ ಅನುಮಾನ ಕಡಿಮೆಯಾಗುವ ಬದಲು ದುಪ್ಪಟ್ಟಾಯಿತು. ಓಹೋ, ಮಣ್ಣು ಮನೆಯ ಬಾಗಿಲಿಗೇ ಬರುತ್ತದೆ! ಅಷ್ಟರಲ್ಲಿ ಕಟ್ಟೆಯ ಮೇಲೆ ಒಂದು ಬುಟ್ಟಿ ಕಣ್ಣಿಗೆ ಬಿತ್ತು. ಅದರ ತುಂಬ ನುಣ್ಣಗೆ ಜರಡಿ ಹಿಡಿದ ಕೆಂಪು ಮಣ್ಣು.

‘ಬರ್ರಿ ಅಣ್ಣಾರ, ಕುಂದರ್ರಿ, ನೀರು ತರತೀನಿ’ ಎನ್ನುತ್ತ ಎರ್ರಣ್ಣನ ಹೆಂಡತಿ ಗಂಗಕ್ಕ ಹೊರಗೆ ಬಂದಳು.

‘ನೀರು ಆಮ್ಯಾಲ. ಈ ಬುಟ್ಯಾಗ ಏನೈತಿ?’

‘ಕೆಮ್ಮಣ್ಣು ಅಲ್ರಿ! ರಸ್ತಿ ಮ್ಯಾಲಿ ಲಾರಿಯಿಂದ ಬಿದ್ದಿದ್ದು ಬಳಕೊಂಡು ಬಂದು ಸೋಸಿಟ್ಟೀನಿ. ಹಬ್ಬ ಬಂತು, ಗ್ವಾಡಿಗೆ ಪಟ್ಟಿ ಬಳೀಬೇಕು. ಮೊದಲು ಹಳ್ಳದ ತನಕ ಹೋಗಬೇಕಿತ್ತು, ಈಗ ಬಾಗಿಲಿಗೇ ಬಂದು ಬೀಳತೈತಿ.’

‘ಗ್ವಾಡಿಗೋ, ಮೆಣಸಿನಕಾಯಿಗೋ?’

ಗಂಗಕ್ಕನಿಗೆ ಮಾತು ಅರ್ಥವಾಗಲಿಲ್ಲ. ಒಳಗಿನಿಂದ ಬಂದ ಎರ್ರಣ್ಣನಿಗೆ ಅರ್ಥವಾಯಿತು. ಎತ್ತರದ ಆಳು, ಮಾತು ಕಡಿಮೆ. ಸರಕು ವಾಪಸ್ ಬಂದ ಸುದ್ದಿ, ಬೋಗುಣಿಯ ಸುದ್ದಿ ಎಲ್ಲವನ್ನೂ ನಿಂತೇ ಕೇಳಿದ.

‘ಚಾಂದಸಾಬ್ರ, ನಾ ಯಾಕ ಮಣ್ಣು ಹಾಕಲಿ? ನಮ್ಮ ಕಾಯಿಗೆ ರಂಗು ಕಡಿಮಿ ಐತೇನು?’

‘ತೂಕಕ್ಕ ಹಾಕಿರಬೇಕು.’

‘ಹಂಗ ಅನಬ್ಯಾಡ್ರಿ. ನೀವು ಹೇಳಿದಂಗ ಮಾಡೀವಿ. ನೀವು ನಿಂತು ಹೇಳಿದಂಗ, ಒಂದೂ ಬಿಡದಂಗ.’

‘ನಾ ಮಣ್ಣು ಹಾಕು ಅಂದಿದ್ನೇನಲೇ?’

ಎರ್ರಣ್ಣ ಕೈ ಎತ್ತಿ ಊರ ನಡುವಿನ ಪೀರಲ ಗುಡಿಯ ಕಡೆ ತೋರಿಸಿದ. ಮೊಹರಮ್ಮಿನಲ್ಲಿ ಆ ಊರಿನ ದೇವರು, ಅಂದರೆ ಪೀರನ ಪಂಜಾ, ಹಿಡಿಯುವುದು ಎರ್ರಣ್ಣನ ಮನೆತನ. ಅವನ ಅಜ್ಜ ಹಿಡಿದಿದ್ದ, ಅಪ್ಪ ಹಿಡಿದಿದ್ದ, ಈಗ ಇವನು. ಊರಲ್ಲಿ ಸಾಬರ ಮನೆ ನಾಕೈದಿದ್ದರೂ ಬೆಂಕಿಯ ಅಲಾಯಿ ಕುಣಿಯ ಸುತ್ತ ಮೊದಲ ಹೆಜ್ಜೆ ಹಾಕುವವನು ಎರ್ರಣ್ಣನೇ. ಚಾಂದಸಾಬ್ ಪ್ರತಿ ವರ್ಷ ಬಂದು ಪೀರನ ಮುಂದೆ ಸಕ್ಕರೆ ಓದಿಸಿಕೊಂಡು ಹೋಗುತ್ತಿದ್ದ.

‘ನಡೀರಿ. ಅಲಾಯಿ ಕುಣಿ ಬೂದಿ ಮುಟ್ಟಿ ಹೇಳತೀನಿ. ನಾ ಮಣ್ಣು ಬೆರಸಿದ್ರ ಪೀರಲದೇವರು ಹಿಡಿಯೋ ಈ ಕೈ ಸೇದಿ ಹೋಗಲಿ.’

ಅಲ್ಲಿಗೆ ಮಾತು ನಿಲ್ಲಬೇಕಿತ್ತು. ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಆ ಆಣೆಗೆ ಕೋರ್ಟಿನ ಜಗಳಗಳೂ ತಣ್ಣಗಾಗಿವೆ. ಆದರೆ ಅನುಮಾನದ ಪಿಶಾಚಿ ಹೊಕ್ಕವನಿಗೆ ಪೀರನೂ ಕಾಣುವುದಿಲ್ಲ.

‘ಆಣಿ ಮಾಡಿದ್ರ ಚೆನ್ನೈ ಲ್ಯಾಬಿನ್ಯಾಗ ಪಾಸ್ ಆಗತೈತೇನು?’ ಎಂದುಬಿಟ್ಟ ಚಾಂದಸಾಬ್.

ಎರ್ರಣ್ಣ ಎತ್ತಿದ ಕೈ ಇಳಿಸಿದ. ಗಂಗಕ್ಕ ತಂದಿದ್ದ ನೀರಿನ ಚೊಂಬು ಕಟ್ಟೆಯ ಮೇಲೆ ಹಾಗೇ ಉಳಿಯಿತು.

ಅಷ್ಟಾದರೂ ಚಾಂದಸಾಬ್ ಚೆನ್ನೈಗೆ ಹೆಸರು ಹೇಳಿರಲಿಲ್ಲ, ಇದನ್ನು ಅವನ ಪರವಾಗಿ ಹೇಳಲೇಬೇಕು. ಹೆಸರು ಬಾಯಿಂದ ಬಿದ್ದರೆ ಬ್ಯಾಡಗಿಯ ಪೇಟೆಯ ತನಕ ಯಾವ ದಲ್ಲಾಲಿಯೂ ಆ ರೈತನ ಚೀಲ ಮುಟ್ಟುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅದೇ ವಾರ ಕಂಟೋನ್ಮೆಂಟಿನ ಒಂದು ಹಳೆಯ ಬಂಗಲೆಯಲ್ಲಿ ವ್ಯಾಪಾರಸ್ಥರ ಸಭೆ ಕರೆದಿದ್ದರು. ದಿಲ್ಲಿಯಿಂದ ಒಬ್ಬ ಅಧಿಕಾರಿ ಬರುತ್ತಾರೆ, ರಫ್ತಿನ ತಕರಾರಿದ್ದರೆ ಹೇಳಿಕೊಳ್ಳಿ ಎಂದು ಕರೆ ಬಂದಿತ್ತು. ಸರ್ಕಾರವೇ ನಮ್ಮ ಪರ ನಿಂತರೆ ಹೆಸರು ಹೇಳುವ ಪಾಪ ತಪ್ಪೀತು ಎಂಬ ಆಸೆಯಿಂದ ಹೋದ.

ಅಧಿಕಾರಿ ಒಳ್ಳೆಯ ಮನುಷ್ಯನೇ. ಮೈಸೂರು ಕಡೆಯವರು, ಮಾತು ಮೆತ್ತಗೆ. ‘ನೋಡಿ, ಪರಿಸರ, ಆರೋಗ್ಯ ಇವೆಲ್ಲ ಈಗ ವ್ಯಾಪಾರದ ಒಳಗೇ ಬಂದುಬಿಟ್ಟಿವೆ. ಹೊರಗಿನವರಲ್ಲಿ ಕೆಲವರು ನಿಜವಾದ ಕಾಳಜಿಯಿಂದ ಹೇಳ್ತಾರೆ. ಕೆಲವರು ತಮ್ಮ ಬಾಗಿಲು ಹಾಕ್ಕೊಳ್ಳೋಕೆ ಅದನ್ನೇ ಅಗುಳಿ ಮಾಡ್ಕೊಂಡಿದಾರೆ. ಯಾವುದು ಕಾಳಜಿ, ಯಾವುದು ಅಗುಳಿ ಅಂತ ನಾವು ದೊಡ್ಡ ದೊಡ್ಡ ಸಭೆಗಳಲ್ಲಿ ಜಗಳ ಆಡ್ತಾನೇ ಇದೀವಿ. ಅಲ್ಲೀವರೆಗೆ ನೀವು ಸರಕು ಶುದ್ಧವಾಗಿ ಇಟ್ಟುಕೊಳ್ಳಿ’ ಎಂದರು.

ಬಂಗಲೆಯ ಕಿಟಕಿಗಳು ಗಡಗಡ ನಡುಗುತ್ತಿದ್ದವು. ಹೊರಗೆ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಚಾಂದಸಾಬ್ ಎದ್ದು ನಿಂತ.

‘ಸಾರ್, ಒಂದು ಮಾತು ಕೇಳತೀನಿ, ತಪ್ಪು ತಿಳೀಬ್ಯಾಡ್ರಿ. ಹೊರಗ ಹೊಂಟಾವಲ್ರಿ ಲಾರಿ, ಆ ಮಣ್ಣೂ ಹೊರದೇಶಕ್ಕೇ ಹೊಂಟೈತಿ. ಅದು ಹೋಗೋ ಹಾದ್ಯಾಗ ಯಾರ ಹೊಲ ಕೆಂಪಾತು, ಯಾರಿಗೆ ಕೆಮ್ಮು ಬಂತು ಅಂತ ಯಾವ ದೇಶದವರಾದ್ರೂ ಕೇಳ್ಯಾರೇನ್ರಿ? ಲಾರ್‍ಯಾಗ ಹೋದ್ರ ಬೇಕು, ಕಾಯಿ ಮ್ಯಾಲಿ ಕುಂತು ಹೋದ್ರ ಬ್ಯಾಡ. ಇದ್ಯಾವ ನ್ಯಾಯ?’

ಸಭೆಯೆಲ್ಲ ಹೋ ಎಂದು ನಕ್ಕಿತು. ಅಧಿಕಾರಿಯೂ ನಕ್ಕರು. ‘ಅದು ಬೇರೆ ಖಾತೆಗೆ ಬರುತ್ತೆ’ ಎಂದು ಹೇಳಿ ಕೈಗಡಿಯಾರ ನೋಡಿಕೊಂಡರು.

ನೋಡಿ, ವಿಧಿ ಎಂದರೆ ಇದು. ‘ಕಾಯಿ ಮ್ಯಾಲಿ ಕುಂತು ಹೋದ್ರ’ ಎಂದು ಅವನ ಬಾಯೇ ಹೇಳಿತ್ತು. ಮಣ್ಣು ತಾನಾಗಿ ಕಾಯಿಯ ಮೇಲೆ ಕೂತಿರಬಹುದು ಎಂಬುದು ಬಾಯಿಗೆ ತಿಳಿದರೂ ಅವನ ಬುದ್ಧಿಗೆ ತಿಳಿಯಲಿಲ್ಲ. ಸಭೆಯ ನಗುವಿಗೆ ಅವನ ಮುಖ ಕೆಂಡವಾಗಿತ್ತು. ಮೆಟ್ಟಿಲ ಬಳಿ ಪೇಟೆಯ ಮುಸ್ತಾಕ್ ಹೆಗಲಿಗೆ ಕೈ ಹಾಕಿ ಕೆಣಕಿದ: ‘ಭಾಷಣ ಜೋರಾತು ಬಿಡೋ ಚಾಂದ. ಬೆರಸಿದೋನು ನೀನೇ ಅಂತ ಪ್ಯಾಟಿಯಾಗ ಮಂದಿ ಆಡಕೊಳ್ಳಾಕ ಹತ್ತ್ಯಾರ.’

‘ನಾನಾ? ಥೂ ನಿನ್ನ! ಬೆರಸಿದೋನು ಕುರುಗೋಡಿನ ಎರ್ರಣ್ಣ. ಬುಟ್ಟಿ ನನ್ನ ಕಣ್ಣಾರೆ ನೋಡೀನಿ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುತ್ತ ನಿಂತಿದ್ದ ದಲ್ಲಾಲಿಗಳೆಲ್ಲ ಕೇಳಿಸಿಕೊಂಡರು. ಇನ್ನು ಮುಚ್ಚಿಡುವುದೇನು ಎಂದು ಸಂಜೆ ಚೆನ್ನೈಗೂ ಅದೇ ಹೆಸರು ಹೇಳಿದ.

ವರ್ಷ ಉರುಳಿತು. ಹೊಸ ಕಾಯಿಯೆಲ್ಲ ಅವನು ರಾರಾವಿಯಲ್ಲೇ ಕೊಂಡ. ಕಾಯಿ ತುಳಿಸಲು ತಾನೇ ಸಿರುಗುಪ್ಪ ದಾಟಿ ಹೋದ. ಒಣಗಿ ಗರಿಗರಿಯಾದ ಕಾಯಿಯನ್ನು ಹಾಗೇ ಚೀಲಕ್ಕೆ ತುರುಕಿದರೆ ಪುಡಿಯಾಗುತ್ತದೆ. ಅದಕ್ಕೇ ಸಂಜೆ ರಾಶಿಗೆ ನೀರು ಚಿಮುಕಿಸಿ, ಬೆಳಗಿನ ತನಕ ಮೆತ್ತಗಾಗಲು ಬಿಟ್ಟು, ಆಮೇಲೆ ಆಳುಗಳು ಚೀಲದೊಳಗೆ ಇಳಿದು ತುಳಿದು ತುಂಬುವುದು ಈ ಕಸುಬಿನ ಪದ್ಧತಿ. ಮಾರೆಣ್ಣನ ಕಣ ಹೊಳೆಯ ಕಡೆಗಿತ್ತು. ಗಾಳಿ ತಂಪಾಗಿತ್ತು. ನೆನೆದ ಕಾಯಿಯನ್ನು ಬೊಗಸೆಯಲ್ಲಿ ಹಿಡಿದು ನೋಡಿದ, ಕೈಗೆ ಒಂದು ಕಣ ಮಣ್ಣೂ ಹತ್ತಲಿಲ್ಲ. ‘ನೀನು ಸಾಚಾ ಮನಿಷಾ ಬಿಡಪಾ’ ಎಂದು ಮಾರೆಣ್ಣನ ಬೆನ್ನು ತಟ್ಟಿ ಬಂದ. ಚೆನ್ನೈನವರೂ ಸರಕು ಒಪ್ಪಿಕೊಂಡರು.

ಮನೆಯಲ್ಲಿ ಮಾತ್ರ ಲಾಲಬೀ ಒಂದೇ ಮಾತು ಹಿಡಿದಿದ್ದಳು: ‘ಈ ಸಲ ಗಂಗಕ್ಕನ ಗಂಟು ಬರಲಿಲ್ಲ.’ ಪ್ರತಿ ಸುಗ್ಗಿಗೂ ಗಂಗಕ್ಕ ಕೈಯಿಂದ ಆರಿಸಿದ ಕಾಯಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಲಾಲಬೀಗೆಂದೇ ಕಳಿಸುತ್ತಿದ್ದಳು. ಆ ಮಾತು ಬಂದಾಗೆಲ್ಲ ಚಾಂದಸಾಬ್ ಎದ್ದು ಹೊರಗೆ ಹೋಗುತ್ತಿದ್ದ.

ಒಂದು ಶುಕ್ರವಾರ ಗಂಡಹೆಂಡತಿ ಮಗಳು ಆಸ್ಫಿಯಾಳ ಮನೆಗೆ ಹೋದರು. ಅವಳನ್ನು ಕೊಟ್ಟದ್ದು ಕಂಟೋನ್ಮೆಂಟಿಗೆ, ಲಾರಿ ಹೋಗುವ ರಸ್ತೆಗೆ ಮುಖ ಮಾಡಿದ ಮನೆ. ಚಹಾ ಚೆಲ್ಲಿ ಚಾಂದಸಾಬನ ಬಿಳಿ ಜುಬ್ಬಾ ಕಲೆಯಾಯಿತು. ಲಾಲಬೀ ಅದನ್ನು ಹಿಂಡಿ ಮಾಳಿಗೆಯ ತಂತಿಗೆ ಹಾಕಿಬಂದಳು. ಸಂಜೆ ಹೋಗಿ ನೋಡಿದರೆ ಜುಬ್ಬಾ ಕೆಂಪು ಇಟ್ಟಂಗಿಯ ಬಣ್ಣ.

‘ಅಮ್ಮೀ, ಈ ರಸ್ತಿಯಾಗ ಹಸಿ ಬಟ್ಟಿ ಹೊರಗ ಹಾಕಬಾರದು’ ಎಂದು ಆಸ್ಫಿಯಾ ನಕ್ಕಳು. ‘ಒಣಗಿದ್ದಾದ್ರ ಝಾಡಿಸಿದ್ರ ಧೂಳು ಹೋಗತೈತಿ. ಹಸೀದು ಮೆತ್ತಿಕೊಂಡು ಬಿಡತೈತಿ, ತಿಕ್ಕಿದ್ರೂ ಬಿಡಂಗಿಲ್ಲ.’ ಪಕ್ಕದಲ್ಲೇ ತೂಗುತ್ತಿದ್ದ ಒಣ ಟವೆಲನ್ನು ಝಾಡಿಸಿ ತೋರಿಸಿದಳು. ಕೆಂಪು ಧೂಳು ಹಾರಿ ಟವೆಲು ಬೆಳ್ಳಗಾಯಿತು.

ಚಾಂದಸಾಬ್ ಬನಿಯನ್ನಿನಲ್ಲೇ ಜುಬ್ಬಾ ಹಿಡಿದು ನಿಂತುಬಿಟ್ಟ. ಹೋದ ವರ್ಷ ಎರ್ರಣ್ಣನ ಕಾಯಿ ತುಂಬಿಸಲು ಹೋದ ದಿನ ಕಣ್ಣ ಮುಂದೆ ಬಂತು. ಅಕಾಲದ ಮಳೆ ಬಿದ್ದು ಕಪ್ಪು ಮಣ್ಣಿನ ಎರಿಹೊಲ ಕೆಸರಾಗಿತ್ತು, ಲಾರಿ ಒಳಗಿನ ಕಣದ ತನಕ ಹೋಗುತ್ತಿರಲಿಲ್ಲ. ‘ರಾಶಿ ರಸ್ತಿ ಪಕ್ಕಕ್ಕ ತರ್ರಿ, ಹುಣಸಿಮರದ ಕೆಳಗ ಹಾಕ್ರಿ’ ಎಂದವನು ತಾನು. ‘ಅಲ್ಲಿ ಧೂಳು ಐತ್ರಿ’ ಎಂದು ಗಂಗಕ್ಕ ಅಂದಾಗ ‘ಒಂದು ರಾತ್ರಿಗೆ ಏನಾಗತೈತಿ’ ಎಂದವನೂ ತಾನು. ಹೊರದೇಶದ ಸರಕು, ಒಂದು ಕಾಯಿಯೂ ಮುರಿಯಬಾರದು, ಕೈ ಬಿಚ್ಚಿ ನೀರು ಹೊಡೀರಿ ಎಂದು ಕೊಡ ಕೊಡ ನೀರು ಹಾಕಿಸಿದವನೂ ತಾನೇ. ರಾತ್ರಿಯೆಲ್ಲ ಹಸಿ ರಾಶಿಯ ಮಗ್ಗುಲಲ್ಲೇ ಲಾರಿಗಳು ಹರಿದಿದ್ದವು. ‘ನೀವು ನಿಂತು ಹೇಳಿದಂಗ ಮಾಡೀವಿ’ ಎಂದ ಎರ್ರಣ್ಣನ ಮಾತು ಈಗ ಕಿವಿಗೆ ಇಳಿಯಿತು. ಎದುರಿಗೆ ನಿಂತು ‘ತಪ್ಪು ನಿಮ್ಮದು’ ಅನ್ನಲು ಬಾಯಿ ಬಾರದೆ ಆ ಮನುಷ್ಯ ಪೀರನ ಕಡೆ ಕೈ ತೋರಿಸಿದ್ದ.

‘ಏನಾತ್ರಿ, ಆಸ್ಫಿಯಾನ ಅಬ್ಬಾ?’ ಎಂದಳು ಲಾಲಬೀ.

‘ನಾನ ಹಾಕೀನಿ ಲಾಲಬೀ. ಮಣ್ಣು ನಾನ ಹಾಕೀನಿ’ ಎಂದ.

ಮರುದಿನವೇ ಕುರುಗೋಡಿಗೆ ಹೊರಟ. ದಾರಿಯುದ್ದಕ್ಕೂ ಲೆಕ್ಕ ಹಾಕಿದ: ಮೊದಲು ಕೈ ಹಿಡಿದು ಮಾಫಿ ಕೇಳುವುದು, ಆಮೇಲೆ ಚೆನ್ನೈಗೆ ಅವನ ಮುಂದೆಯೇ ಫೋನ್ ಮಾಡುವುದು, ಪೇಟೆಯಲ್ಲಿ ಮುಸ್ತಾಕನ ಎದುರಿಗೇ ತಪ್ಪು ಒಪ್ಪುವುದು, ಮುಂದಿನ ಸುಗ್ಗಿಯ ಕಾಯಿಯನ್ನು ಒಳಗಿನ ಕಣದಲ್ಲೇ ತಾಡಪತ್ರಿ ಮುಚ್ಚಿ ತುಳಿಸುವುದು. ಬಸ್ಸಿಳಿದು ಹುಣಸಿಮರದ ಬಳಿ ಬಂದ. ಹೊಲ ಕಾಣಲಿಲ್ಲ. ದಾರಿ ತಪ್ಪಿತೇನೋ ಎಂದು ಹಿಂದಕ್ಕೆ ಮುಂದಕ್ಕೆ ನೋಡಿದ. ಮರ ಅದೇ, ಬಾವಿ ಅದೇ. ಮೆಣಸಿನ ಸಾಲುಗಳಿದ್ದ ಎರಿಹೊಲದ ಮೇಲೆ ಅದಿರಿನ ಗುಡ್ಡೆಗಳು ಬಿದ್ದಿದ್ದವು. ಜೆಸಿಬಿ ಒಂದು ಗುಡ್ಡೆಯನ್ನು ತೋಡಿ ಲಾರಿಗೆ ಸುರಿಯುತ್ತಿತ್ತು. ಅದಿರು ಕೂಡಿಡುವ ಜಾಗಕ್ಕೆ ಆಗ ಎಲ್ಲರೂ ಪ್ಲಾಟ್ ಅನ್ನುತ್ತಿದ್ದರು. ಎರ್ರಣ್ಣನ ಹೊಲ ಪ್ಲಾಟ್ ಆಗಿತ್ತು.

ಎರ್ರಣ್ಣ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ. ತನ್ನ ಹೊಲಕ್ಕೆ ತಾನೇ ಕಾವಲುಗಾರ. ಚಾಂದಸಾಬನನ್ನು ಕಂಡು ಎದ್ದು ನಿಂತ, ಹಳೆಯ ಮರ್ಯಾದೆ ಬಿಡಲಿಲ್ಲ.

ಚಾಂದಸಾಬ್ ಅವನ ಎರಡೂ ಕೈ ಹಿಡಿದುಕೊಂಡು ಎಲ್ಲ ಹೇಳಿದ. ಜುಬ್ಬಾ ಹೇಳಿದ, ನೀರು ಹೇಳಿದ, ಹುಣಸಿಮರ ಹೇಳಿದ. ‘ನಿನ್ನ ಆಣಿ ನಂಬದ ಪಾಪಿ ನಾನು, ಮಾಫ್ ಮಾಡೋ ಎರ್ರಣ್ಣ’ ಎಂದು ಅತ್ತುಬಿಟ್ಟ.

‘ಇರಲಿ ಬಿಡ್ರಿ’ ಎಂದ ಎರ್ರಣ್ಣ. ‘ಉಳಿದ ಕಾಯಿ ಬ್ಯಾಡಗಿಗೆ ಒಯ್ದೆ, ಹೆಸರು ಕೇಳಿ ಚೀಲ ಇಳಸಗೊಡಲಿಲ್ಲ. ಹುಬ್ಬಳ್ಳಿಗೆ ಒಯ್ದೆ, ಅಲ್ಲೂ ಅದ ಆತು. ಯಾರೂ ಕೊಳ್ಳದ ಕಾಯಿ ಬೆಳದು ಏನು ಮಾಡಲಿ? ಕೆಂಚಣ್ಣ ಪ್ಲಾಟಿನವರನ್ನ ಕರಕೊಂಡು ಬಂದ, ಲೀಜಿಗೆ ಕೊಟ್ಟೆ.’ ಗುಡ್ಡೆಯ ಕಡೆ ತಲೆ ತಿರುಗಿಸಿದ. ‘ಕಾಯಿಗಿಂತ ಇದ ಪಾಡು ಐತ್ರಿ ಸಾಬ್ರ. ಇದನ್ನ ಯಾರೂ ಬೋಗುಣ್ಯಾಗ ಅದ್ದಿ ನೋಡಂಗಿಲ್ಲ. ಮಣ್ಣಾಗ ಮೆಣಸಿನಕಾಯಿ ಐತೇನು ಅಂತ ಯಾವ ದೇಶದವರೂ ಕೇಳಂಗಿಲ್ಲ.’

‘ಲೀಜ್ ಬಿಡಿಸೋಣ. ನಾ ನಿಂತು ಬಿಡಸತೀನಿ.’

‘ಬಿಡಿಸಿದ್ರೂ ಈ ನೆಲದಾಗ ಇನ್ನ ಕಾಯಿ ಬರಂಗಿಲ್ರಿ. ಒಂದು ಮೊಳ ತೋಡಿದ್ರೂ ಕೆಂಪು ಬರತೈತಿ.’

ಮನೆಗೆ ಕರೆದುಕೊಂಡು ಹೋದ. ಗಂಗಕ್ಕ ‘ಬರ್ರಿ ಅಣ್ಣಾರ’ ಎಂದಳು. ಚಹಾ ಕೊಟ್ಟಳು, ಲಾಲಬೀಯ ಆರೋಗ್ಯ ಕೇಳಿದಳು, ಆಸ್ಫಿಯಾಳ ಮಕ್ಕಳನ್ನು ಕೇಳಿದಳು. ಹೋದ ವರ್ಷದ ಮಾತು ಎತ್ತಲಿಲ್ಲ. ಚಾಂದಸಾಬ್ ಹೊರಡಲು ಎದ್ದಾಗ ‘ನಿಲ್ರಿ’ ಎಂದು ಹಿತ್ತಲಿಗೆ ಹೋದಳು. ಅಲ್ಲಿ ಬಚ್ಚಲ ನೀರಿಗೆ ಬೆಳೆದ ನಾಲ್ಕಾರು ಮೆಣಸಿನ ಗಿಡಗಳಿದ್ದವು. ಸೆರಗಿನ ತುಂಬ ಹಣ್ಣುಗಾಯಿ ಹರಿದುಕೊಂಡು ಬಂದಳು.

‘ಲಾಲಬೀ ಅಕ್ಕಾಗ. ಈ ಸಲ ಇಷ್ಟ ಬಂದಾವು.’

ಚಾಂದಸಾಬ್ ಟವೆಲು ಚಾಚಿದ. ಅವಳು ಅದಕ್ಕೆ ಹಾಕಲಿಲ್ಲ. ಒಳಗಿನಿಂದ ಸ್ಟೀಲ್ ಬೋಗುಣಿ ತಂದು, ಕೊಡದಿಂದ ತಿಳಿನೀರು ಸುರಿದು, ಅವನ ಕಾಲ ಬಳಿ ಇಟ್ಟಳು. ಕಾಯಿಗಳನ್ನು ಅದರೊಳಗೆ ಬಿಟ್ಟು ಕೈಯಾಡಿಸಿ ಒಂದೊಂದಾಗಿ ತೆಗೆದು ಟವೆಲಿನ ಮೇಲೆ ಇಟ್ಟಳು. ನೀರು ನಿಧಾನವಾಗಿ ತಿಳಿಯಾಯಿತು. ತಳದಲ್ಲಿ ಮಣ್ಣು ಕೂತಿತ್ತು.

‘ನೋಡ್ರಿ ಅಣ್ಣಾರ’ ಎಂದಳು ಗಂಗಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ‘ನೀವು ಹೋದ ವರ್ಷ ಅಂದಿದ್ದು ಈ ವರ್ಷ ಖರೇ ಆತು. ಮಣ್ಣು ಈಗ ನಾವ ಹಾಕ್ಕೊಂಡೀವಿ.’

ಚಾಂದಸಾಬ್ ಒದ್ದೆ ಕಾಯಿಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ರಸ್ತೆಗೆ ಬಂದು ನಿಂತ. ಲಾರಿಗಳು ಹೋಗುತ್ತಲೇ ಇದ್ದವು. ಗಂಟಿಗೆ ಧೂಳು ತಗುಲದಿರಲೆಂದು ಅದನ್ನು ಜುಬ್ಬಾದೊಳಗೆ ಎದೆಗೆ ಅವಚಿಕೊಂಡು ಬಸ್ಸಿಗೆ ಕಾದ.